ಸೂಜಿ ಹಿಡಿದವಳಲ್ಲ ನಾನು

ಸೂಜಿ ಹಿಡಿದವಳು ಡಾಕ್ಟರ್ ಖೊಂಗೊರ್ಜುಲ್.
ನಾನು ಹಿಡಿದದ್ದು ಅದರ ಬಾಲಕ್ಕಂಟಿದ ಸಿರಿಂಜು,
ಸಿರಿಂಜಿನ ತುದಿಗೆ ನನ್ನ ಹೆಬ್ಬೆರಳು.
"ಎಳೆ" ಎಂದರೆ ಎಳೆಯಬೇಕು, "ರಕ್ತವಿಲ್ಲ" ಎನ್ನಬೇಕು,
"ತಳ್ಳು" ಎಂದರೆ ತಳ್ಳಬೇಕು. ನನ್ನ ಪಾಠ ಅಷ್ಟೇ.

ಉಲಿಯಾಸ್ತಾಯಿಯಲ್ಲಿ ಆ ಬೆಳಿಗ್ಗೆ ಮೈನಸ್ ಮೂವತ್ತೆಂಟು.
ಜೆಲ್ಲಿನ ಬಾಟಲಿಯನ್ನು ಕಂಕುಳಲ್ಲಿಟ್ಟುಕೊಂಡು ಬಂದಿದ್ದೆ,
ಆಗತಾನೆ ಹುಟ್ಟಿದ ಮರಿಯನ್ನು
ನಿಲುವಂಗಿಯೊಳಗೆ ಬೆಚ್ಚಗಿಟ್ಟು ತರುವ ಹಾಗೆ.

ಮಂಚದ ಮೇಲೆ ಗೊಂಬೊಜಾವ್.
ನಿನ್ನೆ ಅವನ ಲಿವರಿನಿಂದ ನೀರುಗುಳ್ಳೆಯೊಂದನ್ನು ತೆಗೆದಿದ್ದರು,
ಕುರಿಯಿಂದ ನಾಯಿಗೆ, ನಾಯಿಯಿಂದ ಯಜಮಾನನಿಗೆ
ದಾಟುವ ಹುಳು ಕಟ್ಟಿಕೊಂಡ ಮನೆ,
ಹಸುಗೂಸಿನ ತಲೆಯಷ್ಟು ದಪ್ಪ.
ಪಕ್ಕೆಲುಬಿನಂಚಿಗೆ ಒಂದು ಗೇಣು ಹೊಲಿಗೆ.
ಕೆಮ್ಮು ಬಂದರೆ ದಿಂಬನ್ನು ಅವುಚಿಕೊಂಡು
ಕೆಮ್ಮನ್ನೇ ನುಂಗುತ್ತಿದ್ದ.
ನುಂಗಿದ್ದು ಎದೆಯಲ್ಲಿ ಕಫವಾಗಿ ಕೂರುತ್ತದೆ,
ಕಫ ಜ್ವರವಾಗುತ್ತದೆ.
ಮಾರ್ಫಿನ್ ಕೊಟ್ಟರೆ ವಾಂತಿ,
ವಾಂತಿಯೆಂದರೆ ಮತ್ತೆ ಅದೇ ಹೊಲಿಗೆ.

ಪರದೆ ಬೂದಿಬಣ್ಣಕ್ಕೆ ತಿರುಗಿತು.
ಡಾಕ್ಟರ್ ತನ್ನಷ್ಟಕ್ಕೆ ಎಣಿಸಿದಳು:
ಕೊಬ್ಬು. ಹೊರಗಿನ ಓರೆಸ್ನಾಯು. ಒಳಗಿನದು. ಅಡ್ಡಸ್ನಾಯು.
ಅದರಡಿ ಉಸಿರಿನ ಜೊತೆ ಜಾರುವ ಬೆಳ್ಳನೆ ಗೆರೆ.
"ಇದನ್ನು ದಾಟಬಾರದು" ಎಂದಳು,
ನನಗೋ, ಸೂಜಿಗೋ.

ಅವನು ಕತ್ತು ಹೊರಳಿಸಿ ನೋಡಿದ.
"ಇದು ನನ್ನದೋ?"
"ನಿಮ್ಮದೇ."
"ಕುರಿಯದಕ್ಕಿಂತ ಬೇರೆಯೇನೂ ಇಲ್ಲವಲ್ಲ!"

ಐವತ್ತು ವರ್ಷ ಕುರಿ ಕೊಯ್ದ ಕೈ ಅದು.
ಎದೆಯ ಕೆಳಗೆ ಅಂಗೈ ಹೋಗುವಷ್ಟೇ ಸೀಳಿ,
ಮೊಳಕೈವರೆಗೆ ಇಳಿಸಿ,
ಬೆನ್ನೆಲುಬಿಗಂಟಿ ಬಡಿಯುವ ರಕ್ತನಾಳವನ್ನು
ಎರಡೇ ಬೆರಳಲ್ಲಿ ಚಿವುಟುತ್ತಾರೆ;
ಒಂದು ಹನಿಯೂ ನೆಲಕ್ಕೆ ಬೀಳಬಾರದು.
ಪರದೆಯಿಲ್ಲ, ಜೆಲ್ಲಿಲ್ಲ. ಬೆರಳೇ ಕಣ್ಣು.

ಸೂಜಿ ಬಂತು, ಓರೆಯಾಗಿ, ಹೊಳೆಯುವ ಕೂದಲೆಳೆ.
"ಎಳೆ." ರಕ್ತವಿಲ್ಲ. "ಎರಡು ಮಿಲಿ, ಬರೀ ಉಪ್ಪುನೀರು."
ಹೆಬ್ಬೆರಳಿಗೆ ಗೊತ್ತಾಗುತ್ತದೆ: ಮಾಂಸದೊಳಗಾದರೆ ಬಿಗಿ,
ಜಾಗ ಸಿಕ್ಕರೆ ಬೆಣ್ಣೆ.
ಬಿಗಿಯಾಗಿತ್ತು. ಹೇಳಿದೆ.
ಎಳ್ಳಷ್ಟು ಮುಂದೆ ಸರಿಸಿದಳು. ಮತ್ತೆ ತಳ್ಳಿದೆ.
ಎರಡು ಪದರಗಳ ನಡುವೆ
ನಿದ್ದೆಯಲ್ಲಿದ್ದ ಕಣ್ಣೊಂದು ಕಪ್ಪಗೆ ತೆರೆಯಿತು.

"ಓಹೋ" ಎಂದ ಗೊಂಬೊಜಾವ್,
"ನಾವು ತೊಗಲು ಸುಲಿಯುವುದೂ ಹೀಗೇ.
ಚಾಕು ಆಡಿಸಿದರೆ ತೂತು ಬೀಳುತ್ತದೆ.
ಮುಷ್ಟಿ ಕಟ್ಟಿ ನಡುವೆ ತುರುಕಬೇಕು,
ಬಿಡಿಸಿಕೊಳ್ಳುವ ದಾರಿ ತೊಗಲಿಗೇ ಗೊತ್ತು.
ನೀವು ನೀರಿನ ಮುಷ್ಟಿ ಮಾಡಿಕೊಂಡಿದ್ದೀರಿ."

ಡಾಕ್ಟರ್ ನಗಲಿಲ್ಲ. ಸೂಜಿ ಒಳಗಿರುವಾಗ ಅವಳು ನಗುವುದಿಲ್ಲ.
ಈಗ ಮದ್ದು. ಐದು, ಎಳೆ, ರಕ್ತವಿಲ್ಲ; ಐದು, ಎಳೆ, ರಕ್ತವಿಲ್ಲ.
ಇಪ್ಪತ್ತು ಮಿಲಿ ಬುಪಿವಕೇನ್
ನರಗಳು ಓಡಾಡುವ ಓಣಿಯಲ್ಲಿ
ಹಾಸಿಕೊಂಡು ಮಲಗಿತು.

ಇಪ್ಪತ್ತು ನಿಮಿಷ ಕಾಯಬೇಕು.
ನಾಯಿಗೂ ಹುಳುವಿನ ಮಾತ್ರೆ ಕೊಡಿ, ಹಸಿ ಈಲಿ ಹಾಕಬೇಡಿ ಎಂದೆ.
ತುಸು ಹೊತ್ತು ಸುಮ್ಮನಿದ್ದು
"ಹಾಕಿದವನು ನಾನೇ" ಎಂದ, "ಅದೇನು ಮಾಡೀತು ಪಾಪ."

ಆಮೇಲೆ ಕಿಟಕಿಯ ಚೌಕಟ್ಟಿನಿಂದ
ಮಂಜುಗಡ್ಡೆಯ ಚೂರು ಮುರಿದು ಗ್ಲೌಸಿನೊಳಗೆ ಹಾಕಿ
ಹೊಟ್ಟೆಗೆ ಮುಟ್ಟಿಸಿದೆ.
ಎಡಕ್ಕೆ: "ಅಯ್ಯೋ, ತಣ್ಣಗೆ."
ಬಲಕ್ಕೆ: ಮಾತಿಲ್ಲ.
"ಅರವತ್ತೆರಡು ಚಳಿಗಾಲ" ಎಂದ, ಸೂರು ನೋಡುತ್ತ,
"ನನ್ನ ಮೈಯಲ್ಲಿ ಒಂದು ಅಂಗೈಯಗಲಕ್ಕೆ
ಚಳಿಯಾಗದೆ ಇರುವುದು ಇದೇ ಮೊದಲು."

ಕೆಮ್ಮಿದ. ದಿಂಬಿಲ್ಲದೆ, ಪೂರ್ತಿ, ಕಿಟಕಿ ನಡುಗುವ ಹಾಗೆ.
ಮತ್ತೆ ಹೊಲಿಗೆಯ ಮೇಲೆ ಕೈಯಿಟ್ಟು:
"ಮೇಲಿನದು ಸುಮ್ಮನಾಯಿತು. ಒಳಗೊಂದು ಇದೆ ಇನ್ನೂ,
ಗುಳ್ಳೆಯಿದ್ದ ಜಾಗದಲ್ಲಿ."
"ಇರುತ್ತದೆ" ಎಂದಳು ಡಾಕ್ಟರ್.
"ಈ ಮದ್ದು ಗುಡಾರದ ಕಂಬಳಿಗೆ ಮಾತ್ರ,
ಒಲೆಯವರೆಗೆ ಹೋಗುವುದಿಲ್ಲ. ಅದಕ್ಕೆ ಬೇರೆ ಕೊಡುತ್ತೇನೆ."
ಅವನು ತಲೆಯಾಡಿಸಿದ.

ರಾತ್ರಿ ಹನ್ನೊಂದಕ್ಕೆ ಗಂಟೆ ಒತ್ತಿದ.
ಹೋಗಿ ನೋಡಿದರೆ ಗ್ಲೌಸಿನಲ್ಲಿ ಹೊಸ ಚೂರು ತುಂಬಿಕೊಂಡು
ತಾನೇ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ.
"ತಂಗಿ, ಚಳಿ ವಾಪಸು ಬಂತು."

ಡಾಕ್ಟರನ್ನು ಎಬ್ಬಿಸಲು ಹೋಗುವ ಮುಂಚೆ
ಜೆಲ್ಲಿನ ಬಾಟಲಿಯನ್ನು ಕಂಕುಳಿಗಿಟ್ಟುಕೊಂಡೆ.